ಸಭೆಯೊಳಗಣ ಸಭೆ

ಮನುಷ್ಯನಿಗೂ ಮನುಷ್ಯನಿಗೂ ಪರಿಚಯವು ಹೇಗೆ ಉಂಟಾಗುತ್ತದೆ, ಉಂಟಾದ ಪರಿಚಯದ ಬೆಲೆಯೇನು ಎಂಬ ಪ್ರಶ್ನೆಯು ಹೊಸದಲ್ಲ. ಆದರೆ ಈಚಿನ ವಿದ್ವತ್ಸಮ್ಮೇಳನಗಳಿಗೆ ಹೋಗಿಬಂದವರಿಗೆ ಅದು ಹೊಸ ವೇಷದಲ್ಲಿ ಎದುರಾಗುತ್ತದೆ. ಸಭಾಭವನದ ಬಾಗಿಲಲ್ಲಿ ಹಿಂದೆ ಪನ್ನೀರು, ಚಂದನ ಇರುತ್ತಿದ್ದವು. ಈಗ ಅವುಗಳ ಪಕ್ಕದಲ್ಲಿ ಕಪ್ಪುಬಿಳುಪು ಚೌಕಗಳ ಚೀಟಿಯೊಂದನ್ನು ಅಂಟಿಸಿರುತ್ತಾರೆ. ಅದಕ್ಕೆ ಮೊಬೈಲನ್ನು ಹಿಡಿದರೆ ಬಂದವನು ಸಮ್ಮೇಳನದ ವಾಟ್ಸ್‌ಆಪ್ ಗುಂಪಿಗೆ ಸೇರಿಹೋಗುತ್ತಾನೆ. ಒಳಗೆ ಕಾಲಿಡುವುದಕ್ಕೆ ಮುಂಚೆಯೇ ನೂರಾರು ಮಂದಿಯ ಸಂಗಡ ಅವನಿಗೆ ಸಂಬಂಧವು ಏರ್ಪಟ್ಟಿತೆಂದಾಯಿತು!

ಈ ಪದ್ಧತಿಯು ನಮಗೆ ಬಂದುದು ಅಮೆರಿಕದಿಂದ. 2006ರಲ್ಲಿ ಹುಟ್ಟಿದ ಟ್ವಿಟರ್ (2023ರಿಂದ ಅದರ ಹೆಸರು ಎಕ್ಸ್) ಬಹುಜನರ ಕಣ್ಣಿಗೆ ಬಿದ್ದುದು ಮರುವರ್ಷ, ಟೆಕ್ಸಾಸ್ ಪ್ರಾಂತದ ಆಸ್ಟಿನ್ ನಗರದಲ್ಲಿ ನಡೆದ ಸೌತ್ ಬೈ ಸೌತ್‌ವೆಸ್ಟ್ ಎಂಬ ಸಮ್ಮೇಳನದಲ್ಲಿ. ಒಂದು ಕೂಟಕ್ಕೆ ಸಂಬಂಧಪಟ್ಟ ಮಾತುಗಳೆಲ್ಲ ಒಂದೆಡೆ ಸಿಕ್ಕುವಂತೆ ಪದದ ಆದಿಯಲ್ಲಿ ಒಂದು ಗುರುತನ್ನಿಡೋಣವೆಂದು ಕ್ರಿಸ್ ಮೆಸ್ಸಿನಾ ಎಂಬವರು ಸೂಚಿಸಿದುದೂ ಅದೇ 2007ರಲ್ಲಿಯೇ. ಹ್ಯಾಷ್‌ಟ್ಯಾಗ್ ಎನ್ನುವುದು ಅದನ್ನೇ. 2008ರಲ್ಲಿ ಅದೇ ಆಸ್ಟಿನ್ ಸಮ್ಮೇಳನದಲ್ಲಿ ಫೇಸ್‌ಬುಕ್ಕಿನ ಮಾರ್ಕ್ ಝುಕರ್‌ಬರ್ಗ್ ಅವರನ್ನು ವೇದಿಕೆಯ ಮೇಲೆ ಪ್ರಶ್ನಿಸುತ್ತಿದ್ದ ಪತ್ರಕರ್ತೆಯೊಬ್ಬರ ಮೇಲಣ ಅಸಮಾಧಾನವು ಕುಳಿತ ಕುಳಿತಲ್ಲಿಂದಲೇ ಟ್ವಿಟರಿನಲ್ಲಿ ಹರಡಿತು, ಸಭೆಯಲ್ಲಿಯೂ ಗದ್ದಲವೆದ್ದಿತು. ಸಾಧನವು ಹುಟ್ಟಿದ ಎರಡು ವರ್ಷದೊಳಗಾಗಿ ಅದರ ಗುಣವೂ ದೋಷವೂ ಪ್ರಕಟವಾದವು.

ಗುಣವನ್ನು ನಾನು ಅಲ್ಲಗಳೆಯುವವನಲ್ಲ. ನಮ್ಮಲ್ಲಿ ಎಷ್ಟೋ ಮಂದಿ ಸಂಕೋಚಶೀಲರು. ಊಟದ ಪಂಕ್ತಿಯಲ್ಲಿ ಮಗ್ಗುಲಲ್ಲಿ ಕುಳಿತವರ ಹೆಸರನ್ನು ಕೂಡ ಕೇಳದೆ ಎದ್ದುಬರುವವರು. ನಾನು ಹೋಗಿದ್ದ ಸಂಸ್ಕೃತಾಧ್ಯಾಪಕರ ಸಮ್ಮೇಳನದಲ್ಲಿ ಅಂಥ ಒಬ್ಬ ವೃದ್ಧ ಪಂಡಿತರು ತಾಳೆಯೋಲೆಯ ಒಂದು ಪ್ರತಿಯ ವಿಷಯವನ್ನು ಬೆಳಗ್ಗೆ ಆ ಗುಂಪಿನಲ್ಲಿ ವಿಚಾರಿಸಿದರು. ಮಧ್ಯಾಹ್ನದೊಳಗೆ ಎರಡು ಓಲೆಗಳ ಚಿತ್ರಗಳೇ ಅವರ ಕೈಸೇರಿದವು. ಕಳುಹಿಸಿದವರು ಮೂರು ಸಾಲು ಹಿಂದೆ ಕುಳಿತಿದ್ದರಂತೆ!

ಆದರೆ ಅದೇ ದಿನ ಅಪರಾಹ್ಣದ ಸಂಗತಿಯನ್ನು ಹೇಳದೆ ಬಿಟ್ಟರೆ ಈ ಲೇಖನವು ಸುಳ್ಳಾದೀತು. ಒಬ್ಬ ತರುಣ ಅಧ್ಯಾಪಕಿಯು ಮಕ್ಕಳಿಗೆ ಸಮಾಸಗಳನ್ನು ಕಲಿಸುವ ವಿಧಾನವನ್ನು ಕುರಿತು ಮಾತನಾಡುತ್ತಿದ್ದಳು. ತಾನು ಸಿದ್ಧಪಡಿಸಿದ ಪಾಠದ ಹಾಳೆಯನ್ನು ತೆರೆಯ ಮೇಲೆ ತೋರಿಸಿದಳು. ಅದರಲ್ಲಿ ಶ್ರೀಹರಿಯನ್ನು ಹೇಳುವ ವಾಕ್ಯದಲ್ಲಿ ಪೀತಾಂಬರ ಶಬ್ದವನ್ನು ಕರ್ಮಧಾರಯವೆಂದು ಬರೆದಿದ್ದಿತು. ಹಳದಿಯ ಬಟ್ಟೆ ಎಂಬ ಅರ್ಥಕ್ಕೆ ಅದು ಸರಿ. ಅದನ್ನು ಉಟ್ಟವನು ಎಂಬರ್ಥಕ್ಕೆ ಬಹುವ್ರೀಹಿಯೇ ಆಗಬೇಕು. ಕೂಡಲೇ ಗುಂಪಿನಲ್ಲಿ ಒಬ್ಬರು, ಹರಿಯು ಈಗ ಬಟ್ಟೆಯಾದನೆಂದು ಬರೆದರು. ಇನ್ನೊಬ್ಬರು ಅದಕ್ಕೆ ಗಂಜಿ ಹಾಕಿ ಇಸ್ತ್ರಿ ಮಾಡಿಸಬೇಕೆಂದರು. ನಾನು ಏನನ್ನೂ ಬರೆಯಲಿಲ್ಲ. ನಗುವ ಮುಖದ ಚಿಹ್ನೆಯೊಂದನ್ನು ಒತ್ತಿದೆನಷ್ಟೆ. ಭಾಷಣ ಮುಗಿದು ಅಧ್ಯಕ್ಷರು ಪ್ರಶ್ನೆಗಳುಂಟೇ ಎಂದು ಕೇಳಿದಾಗ ನಮ್ಮಲ್ಲಿ ಯಾರೂ ಏಳಲಿಲ್ಲ. ಆಕೆಯು ಕೆಳಗಿಳಿದು ಬಂದು, ಕುಳಿತು, ಮೊಬೈಲನ್ನು ತೆರೆದುದನ್ನು ನಾನು ಕಂಡೆ. ಆಕೆಯೂ ಅದೇ ಗುಂಪಿನಲ್ಲಿದ್ದಳಲ್ಲವೇ?

ಆ ಸಂಜೆ ಕಾಫಿಯ ವೇಳೆಗೆ ನಕ್ಕವರೆಲ್ಲ ನನ್ನ ಬಳಿಗೆ ಬಂದು ಕೈಕುಲುಕಿದರು, ಬಲು ಆತ್ಮೀಯರಾದರು. ಹತ್ತಾರು ಜನರ ಪರಿಚಯವಾಯಿತು. ಆ ಪರಿಚಯಗಳು ಯಾವ ಮೂಲಧನದಿಂದ ಸಂಪಾದಿತವಾದುವೆಂಬುದು ರಾತ್ರಿ ರೈಲಿನಲ್ಲಿ ಒಬ್ಬನೇ ಕುಳಿತಾಗ ಹೊಳೆಯಿತು.

ನ್ಯಾಯಶಾಸ್ತ್ರಕಾರರು ಕಥೆಯನ್ನು, ಎಂದರೆ ವಿಚಾರಗೋಷ್ಠಿಯನ್ನು, ವಾದ, ಜಲ್ಪ, ವಿತಂಡೆ ಎಂದು ಮೂರಾಗಿ ವಿಂಗಡಿಸಿದ್ದಾರೆ. ತತ್ತ್ವವನ್ನು ತಿಳಿಯುವುದಕ್ಕಾಗಿ ನಡೆಯುವುದು ವಾದ; ಗೆಲ್ಲುವುದಕ್ಕಾಗಿ ನಡೆಯುವುದು ಜಲ್ಪ; ತನ್ನ ಪಕ್ಷವೊಂದನ್ನೂ ಸ್ಥಾಪಿಸದೆ ಪರಪಕ್ಷವನ್ನು ಕೆಡವುವುದು ವಿತಂಡೆ. ನಾವು ಮಾಡಿದುದು ವಿತಂಡೆಗಿಂತಲೂ ಕೆಳಗಿನದು. ವಿತಂಡಾವಾದಿಯಾದರೂ ಪ್ರತಿವಾದಿಯ ಎದುರಿಗೆ ನಿಲ್ಲುತ್ತಾನೆ, ಅವನ ಮರುಮಾತಿಗೆ ಕಿವಿಗೊಡಬೇಕಾಗುತ್ತದೆ. ನಾವು ಆಕೆಯ ಸಮ್ಮುಖದಲ್ಲಿ ಇದ್ದುಕೊಂಡೇ ಆಕೆಯನ್ನು ಪರೋಕ್ಷದಲ್ಲಿರಿಸಿದೆವು. ನಾನು ಓದಿದ ಪಾಠಶಾಲೆಯ ವಾಕ್ಯಾರ್ಥಗಳಲ್ಲಿ ಕಟುವಾದ ಮಾತುಗಳಿಗೆ ಕೊರತೆಯಿರಲಿಲ್ಲ. ಆದರೆ ಎದುರಾಳಿಯ ಮಾತನ್ನು ಮೊದಲು ಅನುವಾದಮಾಡಿ ಒಪ್ಪಿಸಿ, ಅನಂತರವೇ ಖಂಡಿಸಬೇಕಾಗಿತ್ತು. ಮೊಬೈಲಿನ ಹೊಸ ಸಭೆಗೆ ಈ ನಿಯಮವನ್ನು ಕಲಿಸುವವರು ಯಾರು? ಕಲಿಸಬೇಕಾದ ವಯಸ್ಸಿನವನೇ ಚಿಹ್ನೆ ಒತ್ತುತ್ತ ಕುಳಿತಿದ್ದನು.

ಎರಡು ತಿಂಗಳು ಹಿಂದುಮುಂದು ನೋಡಿ, ಕೊನೆಗೆ ಅದೇ ಮೊಬೈಲಿನಲ್ಲಿ ಆಕೆಗೊಬ್ಬಳಿಗೇ ಬರೆದೆನು. ನಕ್ಕವರಲ್ಲಿ ನಾನೂ ಒಬ್ಬನೆಂದು ಒಪ್ಪಿಕೊಂಡು, ಸಮಾಸದ ವಿಷಯವನ್ನೂ ವಿವರಿಸಿದೆ. ಮರುದಿನ ಉತ್ತರ ಬಂದಿತು: “ಗುರುಗಳೇ, ಅಂದು ಎಲ್ಲರೂ ನಕ್ಕದ್ದು ಕಂಡೆ. ಬರೆದದ್ದು ತಪ್ಪೆಂದು ಗೊತ್ತಾಯಿತೇ ಹೊರತು ಯಾವುದು ಸರಿಯೆಂದು ಯಾರೂ ಹೇಳಲಿಲ್ಲ. ಕೇಳಲು ನಾಚಿಕೆಯಾಯಿತು. ಆ ಹಾಳೆಯನ್ನು ಅದಕ್ಕೆ ಹಿಂದಿನ ದಿನವೇ ಮೂರು ಶಾಲೆಗಳಿಗೆ ಕಳುಹಿಸಿದ್ದೆ. ಮಕ್ಕಳು ಪರೀಕ್ಷೆಯಲ್ಲಿ ಹಾಗೆಯೇ ಬರೆದಿದ್ದಾರೆ. ಈಗ ತಿದ್ದಿ ಕಳುಹಿಸುತ್ತೇನೆ.”