ಯೆನ್ನಿನ ಇಳಿತವೂ ಕರ್ಮಫಲವೂ

ತಾನು ಮಾಡದ ಕರ್ಮದ ಫಲವನ್ನು ಮನುಷ್ಯನು ಉಣ್ಣಬೇಕಾಗಿ ಬಂದಾಗ ಅದು ಅವನ ಪ್ರಾರಬ್ಧವೆಂದು ಹೇಳಿ ಸುಮ್ಮನಾಗುವುದು ನಮ್ಮಲ್ಲಿ ರೂಢಿಯಾಗಿದೆ. ಮೈಸೂರು ರೇಷ್ಮೆಯ ಚರಿತ್ರೆಯನ್ನು ಬಲ್ಲವರಿಗೆ ಆ ಸಮಾಧಾನವು ಸುಲಭವಾಗಿ ಒಪ್ಪಿಗೆಯಾಗಲಾರದು.

1912ರಲ್ಲಿ ಮೈಸೂರು ನಗರದಲ್ಲಿ ರೇಷ್ಮೆ ನೇಯ್ಗೆಯ ಕಾರ್ಖಾನೆ ಸ್ಥಾಪಿತವಾದ ಮೇಲೆ ಇಲ್ಲಿಯ ಪಟ್ಟೆಗೆ ಹೆಸರು ಬಂದಿತು. ಆದರೆ ಆ ಹೆಸರಿನ ಹಿಂದೆ ಇದ್ದವರು ಹಿಪ್ಪುನೇರಳೆ ಬೆಳೆಯುವ ರೈತರು, ಕುದಿನೀರಿನಲ್ಲಿ ತೇಲುವ ಗೂಡುಗಳಿಂದ ಕಣ್ಣಿಗೆ ಕಾಣಿಸಿಯೂ ಕಾಣಿಸದ ಎಳೆಗಳನ್ನು ಬೆರಳ ತುದಿಯಲ್ಲೇ ಹುಡುಕಿ, ನಾಲ್ಕಾರನ್ನು ಕೂಡಿಸಿ ಚರಕಕ್ಕೆ ಹತ್ತಿಸುವ, ಬಿಸಿನೀರಿಗೆ ಅಂಗೈ ಸುಕ್ಕುಗಟ್ಟಿದ ನೂಲು ಬಿಚ್ಚುವವರು. 1931ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡು ಚಿನ್ನದ ಮಾನವನ್ನು ತ್ಯಜಿಸಿದಾಗ, ಒಂದು ಷಿಲಿಂಗ್ ಆರು ಪೆನ್ಸಿನ ದರದಲ್ಲಿ ಪೌಂಡಿಗೆ ಬಿಗಿಯಲ್ಪಟ್ಟಿದ್ದ ರೂಪಾಯಿಯೂ ಅದರೊಡನೆ ಇಳಿಯಿತು. ಡಿಸೆಂಬರಿನಲ್ಲಿ ಜಪಾನು ಅದೇ ದಾರಿ ಹಿಡಿಯಿತು. ವರ್ಷ ತುಂಬುವುದರೊಳಗೆ ಯೆನ್ನು ಡಾಲರಿನ ಎದುರು ಅರ್ಧಕ್ಕಿಂತಲೂ ಕೆಳಗೆ ಬಿದ್ದು, ರೂಪಾಯಿಗಿಂತಲೂ ಬಹುದೂರ ಇಳಿಯಿತು. ಆರ್ಥಿಕ ಮುಗ್ಗಟ್ಟಿನಿಂದ ಜಪಾನಿನ ರೇಷ್ಮೆಗೆ ಅಮೆರಿಕದಲ್ಲಿದ್ದ ಬೇಡಿಕೆ ಮೊದಲೇ ಕುಗ್ಗಿತ್ತು. ಯೊಕೊಹಾಮಾದ ರೇಷ್ಮೆ ವರ್ತಕನು ತನ್ನ ಬೆಲೆಯಲ್ಲಿ ಒಂದು ಯೆನ್ನನ್ನೂ ತಗ್ಗಿಸದಿದ್ದರೂ ಅವನ ಸರಕು ಮುಂಬಯಿಯಲ್ಲಿ ಅಗ್ಗವಾಗಿ ಇಳಿಯುವಂತಾಯಿತು.

ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ತನ್ನದೇ ಹಣವನ್ನು ಟಂಕಿಸಿದ ಮೈಸೂರಿಗೆ ಈಗ ರೂಪಾಯಿಯ ದರದ ಮೇಲೆ ಯಾವ ಅಧಿಕಾರವೂ ಇರಲಿಲ್ಲ. ನೂಲು ಬಿಚ್ಚುವವಳ ಕೈಚಳಕ ಕುಂದಲಿಲ್ಲ, ಶ್ರದ್ಧೆ ಸಡಿಲಲಿಲ್ಲ. ಆದರೂ ಅವಳ ದುಡಿಮೆಯ ಮೌಲ್ಯ ಕುಸಿಯಿತು.

ಇದನ್ನು ಪ್ರಾರಬ್ಧವೆನ್ನುವುದು ಅಧರ್ಮವೆಂದೇ ನಾನು ಭಾವಿಸುತ್ತೇನೆ. ಫಲದ ಮೇಲೆ ಅಧಿಕಾರವಿಲ್ಲವೆಂಬ ಗೀತೆಯ ಬೋಧೆಯು ಕರ್ತವ್ಯದಲ್ಲಿ ತೊಡಗಿದವನು ತನ್ನ ಚಿತ್ತವನ್ನು ಸ್ಥಿರಗೊಳಿಸಿಕೊಳ್ಳುವುದಕ್ಕೆಂದು ಹೊರಟುದೇ ಹೊರತು, ಪರರ ಫಲವನ್ನು ಅಪಹರಿಸುವ ವ್ಯವಸ್ಥೆಗೆ ಕೊಟ್ಟ ಅನುಮತಿಯಲ್ಲ. ನಾಣ್ಯದ ದರವು ಮಳೆಗಾಳಿಯಂತೆ ತಾನಾಗಿ ಬರುವುದಲ್ಲ. ರಾಜಧಾನಿಗಳಲ್ಲಿ ಕುಳಿತ ಮನುಷ್ಯರು, ತಮ್ಮ ಜನರ ಹಿತವನ್ನೇ ಎಣಿಸಿ, ಆಲೋಚಿಸಿ ಮಾಡುವ ಕರ್ಮವದು. ಕರ್ತೃಗಳುಳ್ಳ ಕರ್ಮಕ್ಕೆ ಹೊಣೆಯೂ ಉಂಟು.

ದೇಶೀ ರೇಷ್ಮೆಯ ರಕ್ಷಣೆಯ ಪ್ರಶ್ನೆಯನ್ನು 1933ರಲ್ಲಿ ಭಾರತ ಸರ್ಕಾರದ ಸುಂಕ ಮಂಡಲಿಯು ವಿಚಾರಣೆಗೆ ತೆಗೆದುಕೊಂಡಿತು; ಮರುವರ್ಷ ವಿದೇಶೀ ರೇಷ್ಮೆಗೆ ರಕ್ಷಣಾಸುಂಕ ಬಂದಿತು. ಅದು ನ್ಯಾಯವೇ ಆಗಿತ್ತು. ಆದರೆ ಅಗ್ಗದ ವಿದೇಶೀ ನೂಲನ್ನು ನಂಬಿ ಮಗ್ಗ ಹೂಡಿದ್ದ ನೇಕಾರನೂ ಶ್ರಮಜೀವಿಯೇ. ಒಬ್ಬರ ರಕ್ಷಣೆಯ ವೆಚ್ಚವನ್ನು ಅವನೊಬ್ಬನ ತಲೆಗೆ ಕಟ್ಟದೆ, ಸುಂಕದಿಂದ ಬಂದ ದ್ರವ್ಯದಲ್ಲಿ ಅವನಿಗೂ ಪಾಲಿರಬೇಕಾಗಿತ್ತೆಂಬುದು ನನ್ನ ದೃಢವಾದ ಅಭಿಪ್ರಾಯ.