ಯಾರಿಗೆ ‘ಆಗಲ್ಲ’ ಅನ್ನಬಹುದು

ತಿರುಪ್ಪೂರಿನ ಬನಿಯನ್ ಕಂಪನಿಗಳಲ್ಲಿ ಬಹಳ ವರ್ಷ ಮರ್ಚಂಡೈಸರ್ ಆಗಿದ್ದವಳು ಅಂತ, ಕೊಯಮತ್ತೂರಿನ ಆರ್.ಎಸ್. ಪುರಂನ ನಮ್ಮ ಮನೆಗೆ ಎಂಬಿಎ ಮಕ್ಕಳು ಪ್ರಾಜೆಕ್ಟ್ ರಿಪೋರ್ಟ್ ತೋರಿಸಲು ಬರುತ್ತಾರೆ. ವಿಷಯ, ಹೊರದೇಶಗಳ ಜೊತೆ ವ್ಯಾಪಾರ ನಡೆಸುವ ಸವಾಲುಗಳು. ಮೊದಲ ಅಧ್ಯಾಯ ಯಾವಾಗಲೂ ಸಾಂಸ್ಕೃತಿಕ ಭಿನ್ನತೆ. ಭಾರತೀಯರು ಮೇಲಿನವರಿಗೆ ಇಲ್ಲ ಅನ್ನುವುದಿಲ್ಲ, ಯುರೋಪಿನವರು ನೇರವಾಗಿ ಮಾತಾಡುತ್ತಾರೆ, ಅದಕ್ಕೇ ಎಡವಟ್ಟು. ಹಣ ಯಾವಾಗ ಬರುತ್ತದೆ, ಆರ್ಡರ್ ರದ್ದಾದರೆ ನಷ್ಟ ಯಾರದು ಎಂಬುದಕ್ಕೆ ಕೊನೆಯ ಪುಟದಲ್ಲಿ ಒಂದು ಸಾಲು. ನನಗೆ ಸಿಟ್ಟು ಬರುತ್ತದೆ. ಗಾಯ ಒಂದು ಕಡೆ ಇದ್ದರೆ ಇವರಿಗೆ ಇನ್ನೊಂದು ಕಡೆ ಔಷಧಿ ಹಚ್ಚಲು ಕಲಿಸಲಾಗಿದೆ.

 ಸಂಸ್ಕೃತಿಯ ವಿಷಯದಲ್ಲಿ ನನ್ನ ಜಗಳ ಡಚ್ ವಿದ್ವಾಂಸ ಗೀರ್ಟ್ ಹಾಫ್‌ಸ್ಟೆಡ್ ಅವರ ಜೊತೆ. 1967ರಿಂದ 1973ರವರೆಗೆ ನಾನಾ ದೇಶಗಳ ಐಬಿಎಂ ನೌಕರರು ತುಂಬಿಕೊಟ್ಟ ಒಂದು ಲಕ್ಷಕ್ಕೂ ಹೆಚ್ಚು ಪ್ರಶ್ನಾವಳಿಗಳ ಮೇಲೆ ಅವರು 1980ರಲ್ಲಿ ‘ಕಲ್ಚರ್ಸ್ ಕಾನ್ಸಿಕ್ವೆನ್ಸಸ್’ ಬರೆದರು. ಒಂದೊಂದು ದೇಶಕ್ಕೂ ಅಂಕ ಕೊಟ್ಟರು. ‘ಅಧಿಕಾರದ ಅಂತರ’ದಲ್ಲಿ, ಅಂದರೆ ಮೇಲು-ಕೀಳನ್ನು ಜನ ಎಷ್ಟು ಸಹಜವೆಂದು ಒಪ್ಪುತ್ತಾರೆ ಎಂಬುದರಲ್ಲಿ, ಭಾರತಕ್ಕೆ 77, ನೆದರ್ಲೆಂಡ್ಸ್‌ಗೆ 38. ಸಂಸ್ಕೃತಿ ಎಂಬುದು ಬಾಲ್ಯದಲ್ಲೇ ಮನಸ್ಸಿಗೆ ಇಳಿದ ಅಭ್ಯಾಸ, ಬೇಗ ಅಳಿಯದು ಎಂಬುದು ಅವರ ವಾದ.

ನನ್ನದೇ ಒಂದು ಮಧ್ಯಾಹ್ನ ಹೇಳುತ್ತೇನೆ. ನೇವಿ ಬ್ಲೂ ಲ್ಯಾಬ್ ಡಿಪ್, ಅಂದರೆ ಬಣ್ಣದ ಮಾದರಿ, ಇನ್ನೂ ಒಪ್ಪಿಗೆ ಆಗಿಲ್ಲ. ಅಷ್ಟರಲ್ಲಿ ಯುರೋಪಿನ ಬೈಯರ್ ಶಿಪ್‌ಮೆಂಟ್ ಎರಡು ವಾರ ಮುಂಚೆ ಬೇಕು ಅಂದ. ‘ಪ್ರಯತ್ನಿಸುತ್ತೇವೆ ಸರ್’ ಎಂದು ಮೇಲ್ ಕಳಿಸಿದೆ. ತಡವಾದರೆ ಸರಕನ್ನು ತೂತ್ತುಕುಡಿಯ ಹಡಗಿನ ಬದಲು ನಮ್ಮ ಖರ್ಚಿನಲ್ಲೇ ವಿಮಾನಕ್ಕೆ ಹಾಕಬೇಕೆಂಬುದು ಗೊತ್ತಿತ್ತು. ಮರುಕ್ಷಣ ಎಲಾಸ್ಟಿಕ್ ಅಂಗಡಿಯವನ ಫೋನ್, ರೇಟು ಏರಿಸಬೇಕಂತೆ. ‘ಮುಡಿಯಾದು ಅಣ್ಣಾ’, ಆಗಲ್ಲ ಅಣ್ಣಾ, ಎಂದು ಮಾತು ಮುಗಿಸಿದೆ. ಅದೇ ಹೆಂಗಸು, ಅದೇ ಬಾಲ್ಯ. ನನ್ನ 77 ಎಲ್ಲಿ ಹೋಯಿತು? ಬೈಯರ್ ಕೈಬಿಟ್ಟರೆ ಆರ್ಡರ್ ಢಾಕಾಗೆ ಹೋಗುತ್ತದೆ. ಎಲಾಸ್ಟಿಕ್ ಅಂಗಡಿ ಬೀದಿಗೊಂದು ಸಿಗುತ್ತದೆ. ಹಾಫ್‌ಸ್ಟೆಡ್ ಅವರ ಪ್ರಶ್ನಾವಳಿಯಲ್ಲೂ ಒಂದು ಪ್ರಶ್ನೆ ಇದೇ: ಮೇಲಧಿಕಾರಿಯ ಮಾತಿಗೆ ಒಪ್ಪಿಗೆಯಿಲ್ಲ ಎನ್ನಲು ನೌಕರರು ಎಷ್ಟು ಸಲ ಹೆದರುತ್ತಾರೆ? ಕೆಲಸ ಹೋದರೆ ಇನ್ನೊಂದು ಸಿಗದ ದೇಶದಲ್ಲಿ ಹೆದರಿಕೆ ಹೆಚ್ಚೇ ಇರುತ್ತದೆ. ಅವರು ಸಂಸ್ಕೃತಿಯೆಂದು ಅಳೆದದ್ದರಲ್ಲಿ ಎಷ್ಟು ಪಾಲು ಬರೀ ಅವಲಂಬನೆ?

2025ರ ಆಗಸ್ಟ್ 27ರಂದು ಅಮೆರಿಕ ನಮ್ಮ ಸರಕಿನ ಮೇಲಿನ ಹೆಚ್ಚುವರಿ ಸುಂಕವನ್ನು ಶೇಕಡಾ 50ಕ್ಕೆ ಏರಿಸಿದಾಗ ಎರಡೂ ಕಡೆಯವರ ಬಾಲ್ಯ ಬದಲಾಗಿರಲಿಲ್ಲ. ಆದರೂ ಬೆಲೆಯ ಮಾತುಕತೆ ತಲೆಕೆಳಗಾಯಿತು.

ಆದರೆ ನ್ಯಾಯವಾಗಿ ಒಂದು ಮಾತು ಹೇಳಬೇಕು. ದೇಶದ ಅಂಕವನ್ನು ಒಬ್ಬ ವ್ಯಕ್ತಿಯ ಹಣೆಗೆ ಹಚ್ಚಬೇಡಿ ಎಂದು ಹಾಫ್‌ಸ್ಟೆಡ್ ಅವರೇ ಎಚ್ಚರಿಸಿದ್ದರು. ನನ್ನ ಆ ಮಧ್ಯಾಹ್ನದಿಂದ ಅವರು ಸೋಲುವುದಿಲ್ಲ. ತಿರುಪ್ಪೂರಿನಿಂದಲೇ ಅವರ ಕಡೆಗೆ ಸಾಕ್ಷಿಯೂ ಇದೆ. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಕೈವಾನ್ ಮುನ್ಶಿ 2004ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಲ್ಲಿನ ಸ್ಥಳೀಯ ಗೌಂಡರ್ ಸಮುದಾಯದವರು ಹೆಚ್ಚು ಬಂಡವಾಳದಿಂದ ಶುರುಮಾಡುತ್ತಿದ್ದರು. ಹೊರಗಿನಿಂದ ಬಂದವರು ಕಡಿಮೆ ಬಂಡವಾಳದಲ್ಲೇ ಬೇಗ ಬೆಳೆಯುತ್ತಿದ್ದರು. ಅಂದರೆ ಹಣ ಲಾಭದ ಜೊತೆಗೆ ನಂಟನ್ನೂ ನೋಡಿ ಹರಿಯುತ್ತಿತ್ತು. ನಂಟು ಸಂಸ್ಕೃತಿಯಲ್ಲದೆ ಇನ್ನೇನು?

ನಮ್ಮದು ಮನೆಯಲ್ಲಿ ಕನ್ನಡ ಆಡುವ ದೇವಾಂಗ ಕುಟುಂಬ. ಅಪ್ಪ ನಮ್ಮವರ ಅಂಗಡಿಯಿಂದ ನೂಲು ತರುತ್ತಿದ್ದರು. ‘ದುಡ್ಡು ಬಂದಾಗ ಕೊಡಪ್ಪ’ ಎಂಬುದೇ ಕರಾರು. ದಸರೆಯಲ್ಲಿ ಚೌಡೇಶ್ವರಿ ಉತ್ಸವಕ್ಕೆ ಅಪ್ಪ, ಅಂಗಡಿಯವ ಇಬ್ಬರೂ ಒಂದೇ ಗುಡಿಯಲ್ಲಿ ಎದುರಾಗಬೇಕಿತ್ತು. ಸಾಲ ಮುಳುಗದಂತೆ ಕಾದದ್ದು ಅದೇ. ಹೀಗೆ ನೋಡಿದರೆ ಹೊರದೇಶದ ವ್ಯಾಪಾರದ ಕಷ್ಟ ಭಿನ್ನತೆಯಲ್ಲಿ ಕಡಿಮೆ, ಮುಖಾಮುಖಿ ಆಗಬೇಕಾದ ಅನಿವಾರ್ಯ ಇಲ್ಲದಿರುವುದರಲ್ಲಿ ಹೆಚ್ಚು. ಇದೇ ನನ್ನ ತೀರ್ಮಾನ ಎಂದು ಬಹಳ ಕಾಲ ನಂಬಿದ್ದೆ.

2020 ಅದನ್ನೂ ಅಲುಗಾಡಿಸಿತು. ಕೊರೋನಾ ಬಂದಾಗ ಒಂದೇ ದೇಶದ ಇಬ್ಬರು ಬೈಯರ್‌ಗಳ ಸರಕು ನಮ್ಮಲ್ಲಿ ಹೊಲಿದು ಪ್ಯಾಕ್ ಆಗಿತ್ತು. ಒಬ್ಬ ರದ್ದು ಮಾಡಿದ. ಇನ್ನೊಬ್ಬ ಪೂರ್ತಿ ಹಣ ಕೊಟ್ಟ. ಇಬ್ಬರ ಸಂಸ್ಕೃತಿ ಒಂದೇ, ಬಲವೂ ಸರಿಸುಮಾರು ಒಂದೇ. ಇಬ್ಬರನ್ನೂ ನಾನು ಕಣ್ಣಾರೆ ಕಂಡಿಲ್ಲ. ಎರಡನೆಯವನ ನಡತೆಯನ್ನು ಹಾಫ್‌ಸ್ಟೆಡ್ ಅವರೂ ವಿವರಿಸಲಾರರು, ನಾನೂ ವಿವರಿಸಲಾರೆ.

ಅದನ್ನು ಒಳ್ಳೆಯತನ ಅಂದರೆ, ಇಷ್ಟು ಜನ ಹೊಲಿಗೆಯವರ ಅನ್ನವನ್ನು ಯಾರೋ ಒಬ್ಬನ ಒಳ್ಳೆಯತನಕ್ಕೆ ಬಿಟ್ಟಂತೆ. ಕಾನೂನು ಬೇಕು ಅಂದರೆ, 2023ರ ಜನವರಿಯಲ್ಲಿ ಜರ್ಮನಿಯ ಪೂರೈಕೆ ಸರಪಳಿ ಕಾನೂನು ಜಾರಿಗೆ ಬಂತು; ಕಾರ್ಮಿಕರ ಹಕ್ಕುಗಳ ಹೊಣೆ ಅಲ್ಲಿನ ಕಂಪನಿಗೆ, ಆಡಿಟ್ ಕಾಗದ ತುಂಬುವ ಕೆಲಸ ಬಹುಪಾಲು ಇಲ್ಲಿನ ಕಾರ್ಖಾನೆಗೆ. ಮಕ್ಕಳಿಗೆ ಅಧ್ಯಾಯಗಳ ಕ್ರಮ ಬದಲಿಸಿ, ಹಣ ಮತ್ತು ನಷ್ಟದ ಲೆಕ್ಕ ಮೊದಲು ಬರಲಿ ಎಂದು ಧೈರ್ಯವಾಗಿ ಹೇಳುತ್ತೇನೆ. ಹಣ ಕೊಟ್ಟ ಆ ಎರಡನೆಯ ಬೈಯರ್ ಯಾವ ಅಧ್ಯಾಯಕ್ಕೆ ಸೇರುತ್ತಾನೆ ಎಂದು ಅವರು ಕೇಳಿದರೆ, ಉತ್ತರ ಇನ್ನೂ ನನ್ನ ಬಳಿ ಇಲ್ಲ.