ಮರೆಮಾಡಿ ತೋರಿಸುವ ಆಕಾಶ

ಇಂಗ್ಲಿಷಿನ ‘ಅಕಲ್ಟ್’ ಎಂಬ ಮಾತು ಕಿವಿಗೆ ಬಿದ್ದೊಡನೆ ಮಾಟ, ಮಂತ್ರ, ಕತ್ತಲ ಕೋಣೆ ನೆನಪಾಗುತ್ತವೆ. ಲ್ಯಾಟಿನ್ ತವರಿನಲ್ಲಿ ಅದಕ್ಕೆ ಆ ಭಯವಿಲ್ಲ. ಮುಚ್ಚಿಟ್ಟದ್ದು ಎಂದಷ್ಟೇ ಅರ್ಥ. ಬಚ್ಚಿಡುವ ‘ಕನ್ಸೀಲ್’, ತಲೆ ಕಾಯುವ ‘ಹೆಲ್ಮೆಟ್’, ಸತ್ತವರನ್ನು ಅಡಗಿಸಿಕೊಂಡ ‘ಹೆಲ್’ ಎಲ್ಲವೂ ಅದರ ದಾಯಾದಿಗಳು. ಸೂರು, ಮನೆ ಎಂಬರ್ಥದ ಸಂಸ್ಕೃತದ ‘ಶಾಲಾ’ವನ್ನೂ ಭಾಷಾವಿಜ್ಞಾನಿಗಳು ಇದೇ ಬೇರಿಗೆ ಸೇರಿಸುತ್ತಾರೆ. ಮುಚ್ಚುವ ಕ್ರಿಯೆಯೊಂದೇ ಒಂದು ಕವಲಿನಲ್ಲಿ ನರಕವಾಗಿ, ಇನ್ನೊಂದರಲ್ಲಿ ಆಸರೆಯಾಗಿ ಬೆಳೆದಿದೆ!

ಈ ಬಳಗದಲ್ಲಿ ನನಗೆ ತೀರಾ ಪ್ರಿಯವಾದದ್ದು ಖಗೋಳಜ್ಞರ ‘ಅಕಲ್ಟೇಶನ್’, ನಮ್ಮ ಆಚ್ಛಾದನೆ. ಚಂದ್ರನೋ ಗ್ರಹವೋ ಅಡ್ಡ ಬಂದು ದೂರದ ನಕ್ಷತ್ರವನ್ನು ಮರೆಮಾಡುವುದು.

ವಿಲಿಯಂ ಹರ್ಷೆಲ್ ಯುರೇನಸ್ ಗ್ರಹವನ್ನು ಕಂಡದ್ದು 1781ರಲ್ಲಿ. ಆಮೇಲೆ ಸುಮಾರು ಇನ್ನೂರು ವರ್ಷ ಎಷ್ಟು ದೂರದರ್ಶಕಗಳು ಅತ್ತ ತಿರುಗಿದರೂ ಅದರ ಉಂಗುರಗಳು ಪತ್ತೆಯಾಗಲಿಲ್ಲ. ಅವು ಸಪೂರ, ಇದ್ದಿಲಿನಷ್ಟು ಕಪ್ಪು. 1977ರ ಮಾರ್ಚ್ 10ರಂದು ಗ್ರಹ ಒಂದು ನಕ್ಷತ್ರಕ್ಕೆ ಅಡ್ಡ ಬರುವುದಿತ್ತು. ಖಗೋಳಜ್ಞ ಜೇಮ್ಸ್ ಎಲಿಯಟ್ ಮತ್ತು ಸಂಗಡಿಗರು ದೂರದರ್ಶಕ ಹೊತ್ತ ವಿಮಾನದಲ್ಲಿ ಹಿಂದೂ ಮಹಾಸಾಗರದ ಮೇಲೆ ಹಾರುತ್ತ ಕಾದಿದ್ದರು. ಗ್ರಹ ಮುಟ್ಟುವ ಮೊದಲೇ ನಕ್ಷತ್ರ ಐದು ಸಲ ಮಂಕಾಯಿತು. ಗ್ರಹ ಸರಿದ ಮೇಲೆ ಆಚೆ ಬದಿಯಲ್ಲೂ ಹಾಗೇ ಮಂಕಾಯಿತು. ಕಾಣದ ಉಂಗುರಗಳು ತಾವು ತಡೆದ ಬೆಳಕಿನಿಂದಲೇ ಸಿಕ್ಕಿಬಿದ್ದವು.

ಅದೇ ರಾತ್ರಿ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ನ ಜೆ.ಸಿ. ಭಟ್ಟಾಚಾರ್ಯ ಮತ್ತು ಕೆ. ಕುಪ್ಪುಸ್ವಾಮಿ ತಮಿಳುನಾಡಿನ ಕಾವಲೂರಿನಲ್ಲಿ ಒಂದು ಮೀಟರ್ ದೂರದರ್ಶಕಕ್ಕೆ ಕಣ್ಣಿಟ್ಟಿದ್ದರು. ನಕ್ಷತ್ರ ಮಂಕಾದದ್ದು ಅವರ ದಾಖಲೆಯಲ್ಲೂ ಇದೆ. ನಮ್ಮ ಶಾಲಾ ಪಠ್ಯಗಳಲ್ಲಿ ಈ ರಾತ್ರಿಗೆ ಜಾಗ ಸಿಗಬೇಕು.

ಮರೆಮಾಡಿ ತೋರಿಸುವ ಆಟ ಇಷ್ಟಕ್ಕೇ ಮುಗಿಯುವುದಿಲ್ಲ. ಸೂರ್ಯನ ಕಿರೀಟ, ಅಂದರೆ ಕರೋನಾ, ಬರಿಗಣ್ಣಿಗೆ ಕಾಣುವುದು ಚಂದ್ರ ಸೂರ್ಯನನ್ನು ಪೂರ್ತಿ ಮುಚ್ಚಿದಾಗ ಮಾತ್ರ. ಚಂದ್ರನ ಅಂಚಿಗೆ ಬಂದ ನಕ್ಷತ್ರ ಮಸುಕಾಗುತ್ತ ಹೋಗುವುದಿಲ್ಲ, ಥಟ್ಟನೆ ಮಾಯವಾಗುತ್ತದೆ. ಚಂದ್ರನ ಮೇಲೆ ಹೇಳಿಕೊಳ್ಳುವಂಥ ಗಾಳಿಯಿಲ್ಲ ಎನ್ನಲು ಅದೇ ಸಾಕ್ಷಿ. ರೋಹಿಣಿ, ಚಿತ್ತಾ, ಜ್ಯೇಷ್ಠಾ, ಮಘಾ ನಾಲ್ಕೂ ಚಂದ್ರನ ದಾರಿಯಂಚಿನ ಪ್ರಖರ ನಕ್ಷತ್ರಗಳು. ಅವುಗಳಲ್ಲೊಂದು ಮರೆಯಾಗುವ ಸುದ್ದಿ ಬಂದರೆ ಒಂದು ಬೈನಾಕ್ಯುಲರ್ ಹೊಂದಿಸಿಕೊಂಡು, ಮಕ್ಕಳನ್ನೂ ಎಬ್ಬಿಸಿ, ತಪ್ಪದೆ ನೋಡಿ.